ಸಂಗಡ ಹೊರಟ ಸಣ್ಣ ಬೇಟೆನಾಯಿ

ಕಳೆದ ದೀಪಾವಳಿಗೆ ಮನೆಗೆ ಬಂದಿದ್ದ ನನ್ನ ಮಗ ಒಂದು ಪ್ರಶ್ನೆಯನ್ನು ಮುಂದಿಟ್ಟ. ಗಂಡಹೆಂಡಿರಿಬ್ಬರೂ ಕಾರಿನಲ್ಲಿ ಹೊರಟು ಕೆಲವು ತಿಂಗಳು ದೇಶ ಸುತ್ತಬೇಕೆಂದಿದ್ದಾರಂತೆ. ಜೊತೆಗೆ ಒಂದು ನಾಯಿಯೂ ಬೇಕಂತೆ. "ಅಪ್ಪಾ, ನಾಯಿ ಸಣ್ಣದಾಗಿರಬೇಕು. ಆದರೆ ದಿನವೆಲ್ಲ ಮಡಿಲಲ್ಲಿ ಮಲಗುವಂಥದು ಬೇಡ. ಬೆಟ್ಟ ಹತ್ತಬೇಕು, ಕಾಡುದಾರಿಯಲ್ಲಿ ನಡೆಯಬೇಕು. ಅಂಥ ಸಣ್ಣ ಬೇಟೆನಾಯಿಯ ತಳಿ ಯಾವುದು, ನೀವೇ ಆರಿಸಿಕೊಡಿ" ಎಂದ. ಕನ್ನಡ ಪಾಠ ಹೇಳಿ ನಿವೃತ್ತನಾದವನನ್ನು ಕೇಳುವ ಪ್ರಶ್ನೆ ಇದಲ್ಲವೆಂದು ನಕ್ಕುಬಿಟ್ಟೆ. ಆದರೆ ಅವರು ಊರಿಗೆ ಹಿಂದಿರುಗಿದ ಮೇಲೂ ಆ ಪ್ರಶ್ನೆ ಮನೆಯಲ್ಲೇ ಉಳಿಯಿತು. ಇತಿಹಾಸದಲ್ಲಿ ಹೀಗೆ ನಾಯಿಯನ್ನು ಸಂಗಡ ಕರೆದುಕೊಂಡು ದೂರ ಹೋದವರು ಯಾರು, ಅವರು ಎಂಥ ನಾಯಿಯನ್ನು ಒಯ್ದರು, ಏಕೆ ಒಯ್ದರು ಎಂದು ಹುಡುಕತೊಡಗಿದೆ. ಆ ಹುಡುಕಾಟದಲ್ಲಿ ತಿಳಿದುಬಂದ ಕೆಲವು ಸಂಗತಿಗಳನ್ನು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಬೇಟೆನಾಯಿ ಎಂದೊಡನೆ ನಮಗೆ ನೆನಪಾಗುವುದು ಉದ್ದ ಕಾಲಿನ, ಸಣ್ಣ ನಡುವಿನ, ಗಾಳಿಯಂತೆ ಓಡುವ ಮುಧೋಳದ ನಾಯಿ. ಹಳಗನ್ನಡದಲ್ಲಿ ಬೇಟೆನಾಯಿಗೆ 'ಜಾಯಿಲ' ಎಂಬ ಮಾತೇ ಇದೆ. ಬಯಲುಸೀಮೆಯಲ್ಲಿ ಮೊಲವನ್ನು ಕಣ್ಣಿಂದ ಕಂಡು ಅಟ್ಟಿಹಿಡಿಯುವುದಕ್ಕೆ ಉದ್ದ ಕಾಲೇ ಬೇಕು. ಆದರೆ ಬೇಟೆಯ ಪ್ರಾಣಿ ಬಯಲಲ್ಲಿ ಓಡದೆ ನೆಲದೊಳಗಣ ಬಿಲವನ್ನು ಹೊಕ್ಕುಬಿಟ್ಟರೆ? ಆಗ ಉದ್ದ ಕಾಲು ಕೆಲಸಕ್ಕೆ ಬಾರದು. ಇಂಗ್ಲೆಂಡಿನಲ್ಲಿ ನರಿಯ ಬೇಟೆಯವರಿಗೆ ಬಂದೊದಗಿದ ತೊಡಕು ಇದೇ. ಅದಕ್ಕಾಗಿ ಅವರು ಬೆಳೆಸಿದ ನಾಯಿಯೇ ಟೆರಿಯರ್. ಲ್ಯಾಟಿನ್ನಿನಲ್ಲಿ 'ಟೆರ್ರಾ' ಎಂದರೆ ಭೂಮಿ. ಟೆರಿಯರ್ ಎಂದರೆ ಭೂಮಿಯನ್ನು ಹೊಗುವ ನಾಯಿ, ನಮ್ಮ ಮಾತಿನಲ್ಲಿ ಬಿಲದ ನಾಯಿ. 1570ರಲ್ಲಿ ಜಾನ್ ಕೈಯಸ್ ಎಂಬ ವೈದ್ಯ ಬ್ರಿಟನ್ನಿನ ನಾಯಿಗಳನ್ನು ಕುರಿತು ಲ್ಯಾಟಿನ್ನಿನಲ್ಲಿ ಬರೆದ ಪುಸ್ತಕದಲ್ಲಿಯೇ ಇದರ ಪ್ರಸ್ತಾಪವಿದೆ.

ಈ ನಾಯಿಯ ಕೆಲಸ ನರಿಯನ್ನು ಕೊಲ್ಲುವುದಲ್ಲ. ಬಿಲದೊಳಗೆ ನುಗ್ಗಿ, ನರಿಯ ಎದುರು ನಿಂತು, ಬೊಗಳಿ ಬೊಗಳಿ ಅದನ್ನು ಹೊರಕ್ಕೆ ಎಬ್ಬಿಸುವುದು. ನರಿ ಹೊರಬೀಳದಿದ್ದರೆ, ಆ ಬೊಗಳುವಿಕೆಯ ಸದ್ದನ್ನು ಹಿಡಿದು ಮೇಲಿನವರು ಅಗೆಯುತ್ತಾರೆ. ಆದುದರಿಂದ ದೇಹ ಸಣ್ಣದಾಗಿರಬೇಕು, ಕತ್ತಲಲ್ಲಿ ಒಂಟಿಯಾಗಿ ನಿಲ್ಲುವ ಎದೆಗಾರಿಕೆ ಇರಬೇಕು, ಗಂಟಲು ಗಟ್ಟಿಯಾಗಿರಬೇಕು. ಆಳಿನ ಎರಡು ಅಂಗೈಗಳ ಹಿಡಿತದಲ್ಲಿ ನಾಯಿಯ ಎದೆ ಅಡಗಿದರೆ ಅದು ಬಿಲಕ್ಕೆ ಹಿಡಿಸುತ್ತದೆ ಎಂದು ಲೆಕ್ಕ. ಇಂದಿಗೂ ಜ್ಯಾಕ್ ರಸೆಲ್ ಎಂಬ ತಳಿಯನ್ನು ಪರೀಕ್ಷಿಸುವವರು ಹೀಗೆ ಎರಡು ಕೈಗಳಿಂದ ಹಿಡಿದೇ ನೋಡುತ್ತಾರೆ.

ಆ ತಳಿಗೆ ಹೆಸರು ಕೊಟ್ಟವನು ಜಾನ್ ರಸೆಲ್ ಎಂಬ ಪಾದ್ರಿ. 1795ರಲ್ಲಿ ಹುಟ್ಟಿದವನು, 1883ರವರೆಗೆ ಬದುಕಿದವನು. 1819ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಒಬ್ಬ ಹಾಲಿನವನ ಸಂಗಡವಿದ್ದ ಹೆಣ್ಣುನಾಯಿಯೊಂದು ಇವನ ಕಣ್ಣಿಗೆ ಬಿತ್ತು. ಮೈಯೆಲ್ಲ ಬಿಳಿ, ಕಣ್ಣು ಕಿವಿಗಳ ಮೇಲೆ ಕಂದು ಮಚ್ಚೆ, ಬಾಲದ ಬುಡದಲ್ಲಿ ಕಾಸಿನಗಲದ ಇನ್ನೊಂದು. ಅದನ್ನು ಅಲ್ಲೇ ಕೊಂಡುಕೊಂಡ. ಅದರ ಹೆಸರು ಟ್ರಂಪ್. ಮುಂದೆ ಡೆವನ್ ಪ್ರಾಂತದ ಸ್ವಿಂಬ್ರಿಜ್ ಎಂಬ ಊರಿನಲ್ಲಿ ಬಹುಕಾಲ ಪಾದ್ರಿಯಾಗಿದ್ದು, ಬಿಡುವಿನಲ್ಲೆಲ್ಲ ಬೇಟೆಯಾಡುತ್ತ ಇದರ ಸಂತತಿಯನ್ನು ಬೆಳೆಸಿದ. ಬಿಳಿಯ ಬಣ್ಣ ಕೇವಲ ಅಂದಕ್ಕಲ್ಲ; ಮಣ್ಣು ಮೆತ್ತಿಕೊಂಡು ಬಿಲದಿಂದ ಹೊರಬರುವ ನಾಯಿಯನ್ನು ನರಿಯೆಂದು ಬೇಟೆಯ ಹಿಂಡು ತಪ್ಪು ತಿಳಿಯಬಾರದಲ್ಲ!

ಇಲ್ಲಿ ಒಂದು ಸೂಕ್ಷ್ಮವಿದೆ. ದೊಡ್ಡ ನಾಯಿಗಳ ಹಿಂಡು ಮತ್ತು ಕುದುರೆ ಮೈಲಿಗಟ್ಟಲೆ ಓಡುವಾಗ ಈ ಗಿಡ್ಡ ನಾಯಿ ಹಿಂದೆ ಬೀಳುತ್ತದೆ. ಆಗ ಏನು ಮಾಡುವುದು? ಕೆಲವರು ಅದನ್ನು ಚೀಲದಲ್ಲಿಟ್ಟು ಕುದುರೆಯ ಮೇಲೆಯೇ ಒಯ್ಯುತ್ತಿದ್ದರು. ಬಿಲಕ್ಕೆಂದು ಸಣ್ಣದಾದ ನಾಯಿ ಹೀಗೆ ಸವಾರಿಗೂ ಒಗ್ಗಿತು. ದೊಡ್ಡ ನಾಯಿ ತನ್ನ ಕಾಲ ಮೇಲೆ ತಾನು ಬರಬೇಕು; ಸಣ್ಣ ನಾಯಿಯನ್ನು ನಾವು ಎತ್ತಿಕೊಳ್ಳಬಹುದು. ಮುಂದೆ ಇವು ಕಂಡ ದೇಶಾಂತರಗಳಿಗೆಲ್ಲ ಈ ಒಂದು ಅನುಕೂಲವೇ ಮೂಲ.

ಇಷ್ಟು ಹೇಳಿ, ಈಗ ತಮ್ಮನ್ನು ಧ್ರುವಪ್ರದೇಶಕ್ಕೆ ಕರೆದೊಯ್ಯುತ್ತೇನೆ. ಮನುಷ್ಯನೂ ನಾಯಿಯೂ ಕೂಡಿ ಹೋದ ಅತಿ ದೂರದ ಪಯಣಗಳು ನಡೆದುದು ಅಲ್ಲಿ. ನಾರ್ವೆ ದೇಶದ ಅಮುಂಡ್ಸೆನ್ 1911ರಲ್ಲಿ ಮೊತ್ತಮೊದಲು ದಕ್ಷಿಣ ಧ್ರುವವನ್ನು ಮುಟ್ಟಿದುದು ನಾಯಿಗಳ ಬಲದಿಂದ. ಜಾರುಬಂಡಿಗಳಿಗೆ ಕಟ್ಟಿ ಹೊರಟ ದೊಡ್ಡ ನಾಯಿಗಳು 52, ಹಿಂದಿರುಗಿದವು 11. ಭಾರ ಕಡಮೆಯಾದಂತೆ ನಾಯಿಗಳನ್ನು ಕೊಂದು, ಉಳಿದ ನಾಯಿಗಳಿಗೂ ಮನುಷ್ಯರಿಗೂ ಆಹಾರವಾಗಿಸುವುದೆಂದು ಹೊರಡುವ ಮುನ್ನವೇ ಲೆಕ್ಕ ಹಾಕಿತ್ತು. ಆ ಲೆಕ್ಕವೇ ಅವನ ಗೆಲುವಿಗೆ ಒಂದು ಕಾರಣ. ಅದನ್ನು ಓದಿದಾಗ ಮನಸ್ಸು ಮುದುಡುತ್ತದೆ, ಆದರೆ ಸುಳ್ಳೆನ್ನಲಾಗದು.

ಹದಿನೈದು ವರ್ಷಗಳ ಅನಂತರ, 1926ರ ಮೇ ತಿಂಗಳಲ್ಲಿ, ಅದೇ ಅಮುಂಡ್ಸೆನ್ 'ನಾರ್ಗೆ' ಎಂಬ ವಾಯುನೌಕೆಯಲ್ಲಿ ಉತ್ತರ ಧ್ರುವದ ಮೇಲೆ ಹಾರಿಹೋದ. ನೌಕೆಯನ್ನು ನಿರ್ಮಿಸಿ ನಡೆಸುತ್ತಿದ್ದವನು ಇಟಲಿಯ ಉಂಬೆರ್ಟೊ ನೊಬಿಲೆ. ಹದಿನಾರು ಜನ ಮನುಷ್ಯರ ಜೊತೆಗೆ ಅಲ್ಲೊಂದು ನಾಯಿಯೂ ಇತ್ತು: ಟಿಟೀನಾ. ರೋಮ್ ನಗರದ ಬೀದಿಯಲ್ಲಿ ನೊಬಿಲೆಗೆ ದೊರೆತ ಪುಟ್ಟ ಫಾಕ್ಸ್ ಟೆರಿಯರ್ ಅದು. ಒಂದೊಂದು ಸೇರಿನ ತೂಕವನ್ನೂ ಎಣಿಸಿ ಏರಿಸಬೇಕಾದ ನೌಕೆಯಲ್ಲಿ ಏನನ್ನೂ ಎಳೆಯದ, ಏನನ್ನೂ ಬೇಟೆಯಾಡದ ನಾಯಿಗೆ ಸ್ಥಳ ಸಿಕ್ಕಿತೆಂದರೆ ಅದು ಸಣ್ಣದಾಗಿತ್ತು ಎಂಬುದರಿಂದಲೇ. ಆ ವಸಂತದಲ್ಲಿ ಅಮೆರಿಕದ ರಿಚರ್ಡ್ ಬರ್ಡ್ ಕೂಡ ಅದೇ ಕಿಂಗ್ಸ್ ಬೇ ಬಂದರಿನಿಂದ ವಿಮಾನ ಏರಿದ. ಅವನ ಸಂಗಡ ಬಂದಿದ್ದುದೂ ಒಂದು ಫಾಕ್ಸ್ ಟೆರಿಯರ್, ಹೆಸರು ಇಗ್ಲೂ. ಮುಂದೆ 1928ರಿಂದ 1930ರವರೆಗೆ ಅವನೊಡನೆ ಅಂಟಾರ್ಕ್ಟಿಕದಲ್ಲಿಯೂ ಇದ್ದು ಬಂದ ನಾಯಿ ಅದು. ತಳಿಯ ಪುಸ್ತಕ ತೆರೆದು ಹುಡುಕಿ ತಂದುದಲ್ಲ, ಅದೂ ಬೀದಿಯಲ್ಲೇ ದೊರೆತ ಮರಿ.

ಈಗ ಹೇಳಬೇಕಾದುದು 1928ರ ಕಥೆ. ನೊಬಿಲೆ 'ಇಟಾಲಿಯ' ಎಂಬ ಇನ್ನೊಂದು ವಾಯುನೌಕೆಯಲ್ಲಿ ಮತ್ತೆ ಉತ್ತರ ಧ್ರುವಕ್ಕೆ ಹೋದ. ಟಿಟೀನಾ ಈ ಸಲವೂ ಜೊತೆಗಿತ್ತು. ಮೇ 25ರಂದು, ಹಿಂದಿರುಗುವ ದಾರಿಯಲ್ಲಿ, ನೌಕೆ ಹಿಮಗಡ್ಡೆಯ ಮೇಲೆ ಅಪ್ಪಳಿಸಿತು. ಹತ್ತು ಜನ ಹಿಮದ ಮೇಲೆ ಬಿದ್ದರು. ಅವರಲ್ಲಿ ಒಬ್ಬ ತೀರಿಕೊಂಡ. ಹಗುರಾದ ನೌಕೆ ಇನ್ನುಳಿದ ಆರು ಜನರನ್ನು ಹೊತ್ತು ಮೇಲೇರಿ ಕಣ್ಮರೆಯಾಯಿತು. ಅವರ ಸುಳಿವು ಎಂದೂ ದೊರೆಯಲಿಲ್ಲ. ನೊಬಿಲೆಯ ಕಾಲು ಮುರಿದಿತ್ತು. ಟಿಟೀನಾ ಮಾತ್ರ ಗಾಯವಿಲ್ಲದೆ ಪಾರಾಯಿತು. ಬದುಕಿದವರಿಗೆ ಆಸರೆಯಾದುದು ಒಂದು ಗುಡಾರ, ಒಂದು ಚಿಕ್ಕ ರೇಡಿಯೋ ಯಂತ್ರ. ಆ ಯಂತ್ರದ ಕ್ಷೀಣವಾದ ಸಂಕೇತವನ್ನು ಜೂನ್ 3ರಂದು ಕೇಳಿದವನು ರಷ್ಯದ ಹಳ್ಳಿಯೊಂದರಲ್ಲಿದ್ದ, ಹವ್ಯಾಸಕ್ಕಾಗಿ ರೇಡಿಯೋ ಕಟ್ಟಿಕೊಂಡಿದ್ದ ಒಬ್ಬ ತರುಣ. ಬಾನುಲಿಯಲ್ಲಿ ಮಾತನಾಡುತ್ತಿರುವ ನನಗೆ ಈ ಸಂಗತಿ ಬಹಳ ಹಿಡಿಸಿತು.

ಜೂನ್ ಕೊನೆಯ ವಾರದಲ್ಲಿ ಸ್ವೀಡನ್ನಿನ ಲುಂಡ್‌ಬೊರ್ಗ್ ಎಂಬ ವೈಮಾನಿಕ ಹಿಮದ ಮೇಲೆ ಇಳಿದ. ವಿಮಾನದಲ್ಲಿ ಒಬ್ಬನಿಗೆ ಮಾತ್ರ ಸ್ಥಳ. ಕಾಲು ಮುರಿದ ಇನ್ನೊಬ್ಬನನ್ನು ಮೊದಲು ಒಯ್ಯಬೇಕೆಂದು ತಾನು ಹೇಳಿದೆ, ಆದರೆ ನಾಯಕನನ್ನೇ ಮೊದಲು ತರಬೇಕೆಂದು ಆಜ್ಞೆಯಾಗಿದೆಯೆಂದು ವೈಮಾನಿಕ ಒಪ್ಪಲಿಲ್ಲ — ಇದು ನೊಬಿಲೆಯ ಹೇಳಿಕೆ. ಅಂತೂ ನೊಬಿಲೆ ವಿಮಾನವೇರಿದ. ಟಿಟೀನಾ ಅವನೊಡನೆ ಏರಿತು. ಸಂಗಡಿಗರು ಗುಡಾರದಲ್ಲಿ ಉಳಿದರು. ಎರಡನೆಯ ಸಲ ಬಂದ ಅದೇ ವಿಮಾನ ಹಿಮದ ಮೇಲೆ ಮಗುಚಿಬಿತ್ತು. ಉಳಿದವರನ್ನು ರಷ್ಯದ 'ಕ್ರಾಸಿನ್' ಎಂಬ ಹಡಗು ಕರೆದುತಂದುದು ಜುಲೈ 12ರಂದು. ಇತ್ತ, ನೊಬಿಲೆಯೊಡನೆ ಮನಸ್ತಾಪ ಬೆಳೆಸಿಕೊಂಡಿದ್ದ ಅಮುಂಡ್ಸೆನ್ ಅದೆಲ್ಲವನ್ನೂ ಬದಿಗಿಟ್ಟು, ಅವನನ್ನು ಹುಡುಕಲು ಜೂನ್ 18ರಂದು ವಿಮಾನವೇರಿ ಹೋದವನು ಮತ್ತೆ ಬರಲಿಲ್ಲ.

ಜನರನ್ನು ಬಿಟ್ಟು ತಾನು ಮೊದಲು ಬಂದನೆಂಬ ಅಪವಾದ ನೊಬಿಲೆಯನ್ನು ಮುತ್ತಿತು. ಇಟಲಿಯ ವಿಚಾರಣಾ ಮಂಡಲಿ ಅವನನ್ನೇ ಹೊಣೆ ಮಾಡಿತು. ಅವನು ಸೈನ್ಯದ ಅಧಿಕಾರವನ್ನು ಬಿಟ್ಟ. 1945ರಲ್ಲಿ ಆರೋಪ ಕಳೆದು ಪದವಿ ಮರಳಿದರೂ 1978ರಲ್ಲಿ ತೀರಿಕೊಳ್ಳುವವರೆಗೆ ಆ ಮಾತು ಅವನನ್ನು ಬಿಡಲಿಲ್ಲ.

ಈ ಭಾಗವನ್ನು ಓದುವಾಗ ನನಗೆ ಮಹಾಪ್ರಸ್ಥಾನದ ಧರ್ಮರಾಯ ನೆನಪಾಗದಿರಲಿಲ್ಲ. ಹಸ್ತಿನಾವತಿಯಿಂದ ಹೊರಟ ಪಾಂಡವರನ್ನು ಒಂದು ನಾಯಿ ಹಿಂಬಾಲಿಸಿತು. ತಮ್ಮಂದಿರೂ ದ್ರೌಪದಿಯೂ ದಾರಿಯಲ್ಲಿ ಬಿದ್ದರು. ಕೊನೆಗೆ ಇಂದ್ರನ ರಥ ಬಂದಾಗ, ನಂಬಿ ಬಂದ ನಾಯಿಯನ್ನು ಬಿಟ್ಟು ಏರಲಾರೆನೆಂದ ಧರ್ಮರಾಯ. ಅದು ಧರ್ಮದ ಪರೀಕ್ಷೆಯಾಗಿತ್ತು, ಅವನು ಗೆದ್ದ. ನೊಬಿಲೆಯೂ ನಾಯಿಯನ್ನು ಬಿಡಲಿಲ್ಲ. ಆದರೆ ಜನ ಅವನನ್ನು ಸೋತವನೆಂದರು. ಧರ್ಮರಾಯನ ಹಿಂದೆ ಹಿಮದಲ್ಲಿ ಬದುಕಿರುವವರು ಯಾರೂ ಉಳಿದಿರಲಿಲ್ಲ. ನೊಬಿಲೆಯ ಹಿಂದೆ ಇದ್ದರು. ಅಷ್ಟೇ ವ್ಯತ್ಯಾಸ, ಅದೇ ದೊಡ್ಡ ವ್ಯತ್ಯಾಸ. ಆದರೆ ಆ ತಪ್ಪಿನಲ್ಲಿ ಟಿಟೀನಾಳ ಪಾಲೆಷ್ಟು? ಅದು ಮನುಷ್ಯನೊಬ್ಬನ ಸ್ಥಳವನ್ನು ಕಸಿದುಕೊಳ್ಳುವಷ್ಟು ದೊಡ್ಡದಿರಲಿಲ್ಲ. ಹಿಮಕ್ಕೆ ತಾನಾಗಿ ಬಂದುದೂ ಅಲ್ಲ. ಕರೆತಂದವನು ಹಿಂದಕ್ಕೆ ಒಯ್ದ. ನೊಬಿಲೆಯ ಬೇರೆ ತಪ್ಪು ಏನೇ ಇರಲಿ, ಈ ಒಂದು ಋಣವನ್ನು ಅವನು ತೀರಿಸಿದ ಎಂದೇ ನಾನು ಹೇಳುತ್ತೇನೆ.

ಈ ಪುಟ್ಟ ನಾಯಿಗಳ ಧ್ರುವಯಾತ್ರೆಗೆ ಒಂದು ನಗುವಿನ ಅಧ್ಯಾಯವೂ ಉಂಟು. 1979ರಿಂದ 1982ರವರೆಗೆ ರನಲ್ಫ್ ಫಿಯೆನ್ಸ್ ಎಂಬ ಇಂಗ್ಲಿಷ್ ಸಾಹಸಿಯ ತಂಡ ಎರಡೂ ಧ್ರುವಗಳನ್ನು ಹಾದು ಭೂಮಿಯನ್ನು ಸುತ್ತಿತು. ಅವನ ಹೆಂಡತಿ ಜಿನ್ನಿ ತಂಡದ ರೇಡಿಯೋ ಹೊಣೆ ಹೊತ್ತವಳು. ಅವಳ ಸಂಗಡ ಬೋಥಿ ಎಂಬ ಜ್ಯಾಕ್ ರಸೆಲ್ ಟೆರಿಯರ್. ವಿಮಾನದಲ್ಲಿ ಅದನ್ನು ಎರಡು ಧ್ರುವಗಳಿಗೂ ಒಯ್ದರು. ಎರಡೂ ಧ್ರುವಗಳನ್ನು ಕಂಡ ನಾಯಿ ಎಂಬ ಕೀರ್ತಿ ಅದರದು. 1991ರ ಮ್ಯಾಡ್ರಿಡ್ ಒಪ್ಪಂದದ ಪ್ರಕಾರ, ಸೀಲ್ ಪ್ರಾಣಿಗಳಿಗೆ ರೋಗ ತಗುಲೀತೆಂಬ ಭಯದಿಂದ, 1994ರಲ್ಲಿ ಅಂಟಾರ್ಕ್ಟಿಕದಿಂದ ನಾಯಿಗಳನ್ನೆಲ್ಲ ಹೊರಗೆ ಕಳುಹಿಸಲಾಯಿತು. ಬೋಥಿಯ ಹೆಜ್ಜೆಯನ್ನು ಇನ್ನೊಂದು ನಾಯಿ ತುಳಿಯುವಂತಿಲ್ಲ.

ದೂರದ ಮಾತಾಯಿತು. ನಾಯಿಯನ್ನು ಆರಿಸಿಕೊಂಡ ಕಥೆ ನಮ್ಮ ನಾಡಿನಲ್ಲಿಯೂ ಒಂದಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಶಕವರ್ಷ 872ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗ, ಮೆಚ್ಚಿದ್ದೇನೆ, ಬೇಕಾದುದನ್ನು ಬೇಡು ಎಂದ. ಮಣಲೆರ ಬೇಡಿದುದು ಹೊನ್ನನ್ನಲ್ಲ. ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದೆಂಬ ಕಟ್ಟಳೆಯೂ ಶಾಸನದಲ್ಲಿದೆ. ಹಂದಿಯನ್ನು ತಡೆದ ಕಾಳಿ ಸಣ್ಣ ನಾಯಿಯಾಗಿರಲಾರದು. ಆದರೆ ಆರಿಸಿಕೊಂಡವನು ಅದರ ಕೊನೆಯವರೆಗೂ, ಕೊನೆಯಾದ ಮೇಲೂ ನಡೆದುಕೊಂಡ ರೀತಿಯನ್ನು ನೋಡಿ. ಸಾವಿರ ವರ್ಷಗಳ ಅನಂತರ, 1931ರಲ್ಲಿ ಇಗ್ಲೂ ಸತ್ತಾಗ ಬರ್ಡ್ ಕೂಡ ಅಮೆರಿಕದ ಡೆಡ್‌ಹ್ಯಾಮ್ ಎಂಬ ಊರಿನಲ್ಲಿ ಅದಕ್ಕೊಂದು ಕಲ್ಲು ನಿಲ್ಲಿಸಿದ.

ನನ್ನದೂ ಒಂದು ಮಾತುಂಟು. ನಾನು ಹತ್ತು ವರ್ಷದವನಿದ್ದಾಗ ನಮ್ಮ ಕುಟುಂಬ ಹಳ್ಳಿಯನ್ನು ಬಿಟ್ಟು ಪೇಟೆಗೆ ಹೊರಟಿತು. ಮನೆಯಲ್ಲಿ ಕರಿಯ ಎಂಬ ನಾಯಿಯಿತ್ತು. ಬಾಡಿಗೆಮನೆಯಲ್ಲಿ ಅದಕ್ಕೆ ಜಾಗವಿಲ್ಲ ಎಂದರು ಅಪ್ಪ. ಬಸ್ಸು ಹೊರಟಾಗ ಅದು ಕೆರೆಯ ಏರಿಯವರೆಗೆ ಹಿಂದೆ ಓಡಿ ಬಂತು. ಮತ್ತೆ ಊರಿಗೆ ಹೋದಾಗ ಅದು ಇರಲಿಲ್ಲ. ಯಾರನ್ನೂ ಕೇಳುವ ಧೈರ್ಯ ನನಗಾಗಲಿಲ್ಲ. ಆ ನಂತರ ನಾನು ನಾಯಿ ಸಾಕಲಿಲ್ಲ.

ಮಗನಿಗೆ ಕಾಗದ ಬರೆದೆ. ಟೆರಿಯರ್ ಒಳ್ಳೆಯದು, ಹತ್ತರಿಂದ ಹದಿನೈದು ಅಂಗುಲ ಎತ್ತರ, ದಣಿವರಿಯದ ಕಾಲು, ದಣಿದಾಗ ಎತ್ತಿಕೊಳ್ಳುವಷ್ಟು ಹಗುರ. ಆದರೆ ಅದು ಬಿಲಕ್ಕೆ ಹುಟ್ಟಿದ ನಾಯಿ ಎಂಬುದನ್ನು ಮರೆಯಬೇಡ. ಇಲಿ ಅಳಿಲು ಕಂಡರೆ ಕೂಗಿದರೂ ಹಿಂದಿರುಗದು, ಹಗ್ಗ ಕೈಯಲ್ಲಿರಲಿ. ನೆಲ ಕೆದಕುತ್ತದೆ, ಬೊಗಳುತ್ತದೆ. ದಿನವೂ ಅದಕ್ಕೆ ಕೆಲಸ ಕೊಡಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅರೆಗಳಿಗೆಯೂ ಬಿಡಬಾರದು. ತಳಿಯನ್ನು ಕುರಿತು ಇಷ್ಟೇ. ಇನ್ನು ಒಂದು ಪ್ರಶ್ನೆಯನ್ನು ನೀನೇ ಕೇಳಿಕೊ: ಪ್ರವಾಸ ಮುಗಿದು, ನೀವಿಬ್ಬರೂ ಕಚೇರಿಗೆ ಹೋಗತೊಡಗಿದ ಮೇಲೆ, ಮುಂದಿನ ಹದಿಮೂರು ಹದಿನಾಲ್ಕು ವರ್ಷ ಅದು ಎಲ್ಲಿರುತ್ತದೆ? ಇದಕ್ಕೆ ಉತ್ತರ ದೊರೆತ ದಿನ ನಾಯಿಯನ್ನು ಆರಿಸೋಣ, ನಾನೂ ಬರುತ್ತೇನೆ — ಎಂದು ಬರೆದೆ.

ಉತ್ತರ ಇನ್ನೂ ಬಂದಿಲ್ಲ. ಕೂಡಲೆ ಬರದಿದ್ದುದೇ ಒಳ್ಳೆಯದೆಂದುಕೊಂಡಿದ್ದೇನೆ, ಯೋಚಿಸುತ್ತಿರಬೇಕು.

(ಬಾನುಲಿ ಭಾಷಣ)