ಕಸೂತಿಯ ಎಳೆ ಮತ್ತು ಬಣ್ಣ

ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಯ ಕಸೂತಿಯಲ್ಲಿ ದಾರದ ದಪ್ಪವನ್ನು ಗೊತ್ತುಮಾಡುತ್ತಿದ್ದುದು ಬಟ್ಟೆಯೇ. ಸೀರೆಯ ಮೇಲೆ ಗೆರೆ ಎಳೆದುಕೊಳ್ಳುವ, ಅಚ್ಚು ಒತ್ತಿಕೊಳ್ಳುವ ಪದ್ಧತಿ ಇರಲಿಲ್ಲ. ಹಾಸು ಹೊಕ್ಕಿನ ಎಳೆ ಎಣಿಸುತ್ತಲೇ ಗೋಪುರ, ತೇರು, ಆನೆ, ತುಳಸಿ ಬೃಂದಾವನಗಳನ್ನು ಮೂಡಿಸಬೇಕಿತ್ತು. ಎಳೆಗಳ ನಡುವಿನ ಸಂದಿಗೆ ದಾರ ದಪ್ಪವಾದರೆ ನೇಯ್ಗೆ ಸರಿದು ಎಣಿಕೆ ತಪ್ಪುತ್ತಿತ್ತು.

ಕಸೂತಿಯ ನಾಲ್ಕು ಹೊಲಿಗೆಗಳಾದ ಗವಂತಿ, ಮುರ್ಗಿ, ನೇಯ್ಗಿ, ಮೆಂತೆಗಳಿಗೆ ದಾರ ಒಂದೇ ಬಗೆಯಲ್ಲಿ ಒದಗುವುದಿಲ್ಲ. ಗವಂತಿಯಲ್ಲಿ ಸೂಜಿ ಒಂದು ಸಾಲು ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ಮರಳುತ್ತದೆ; ಒಂದೊಂದು ತೂತಿನಲ್ಲೂ ದಾರ ಎರಡು ಸಲ ಹಾಯುತ್ತದೆ. ಮೆಟ್ಟಿಲಿನಂತೆ ಏರಿಳಿಯುವ ಮುರ್ಗಿಯೂ ಹಾಗೆಯೇ. ಗಂಟು ಹಾಕದೆ, ಎರಡೂ ಬದಿ ಒಂದೇ ರೂಪ ಬರುವಂತೆ ಹೊಲಿಯಬೇಕಾದ ಇವೆರಡಕ್ಕೆ ತೆಳುವಾದ, ನುಣುಪಾದ ಎಳೆಯೇ ಬೇಕು. ನೇಯ್ಗಿಗೆ ಹುರಿ ಕಡಿಮೆಯಿರುವ ಮೆತ್ತನೆಯ ದಾರ ಒಪ್ಪುತ್ತದೆ. ಅದು ಹರಡಿಕೊಂಡು ಬಟ್ಟೆಯಲ್ಲೇ ನೆಯ್ದಂತೆ ಕೂರುತ್ತದೆ. ಮೆಂತೆ ಎಂದರೆ ಅಡ್ಡಡ್ಡ ಹಾಯುವ ಕತ್ತರಿ ಹೊಲಿಗೆ, ಇಂದಿನ ಕ್ರಾಸ್ ಸ್ಟಿಚ್. ಎಳೆಯ ಮೇಲೆ ಎಳೆ ಬಿದ್ದು ಉಬ್ಬಿ ಕಾಣುವ ಇದು ದೊಡ್ಡ ಚಿತ್ರದ ಒಡಲು ತುಂಬಲು ಹೇಳಿಮಾಡಿಸಿದ್ದು. ಇದಕ್ಕೆ ದಾರವೂ ಹೆಚ್ಚು ಬೇಕು, ಹಿಂಬದಿಯ ರೂಪವೂ ಬೇರೆ.

ಹಿಂದೆ ರೇಷ್ಮೆಯ ಎಳೆಯನ್ನು ಬಟ್ಟೆಯಿಂದಲೇ ಬಿಡಿಸಿಕೊಳ್ಳುವ ರೂಢಿಯಿತ್ತು. ಬಣ್ಣದ ಆಯ್ಕೆಯೂ ನೆಲದ ಬಣ್ಣಕ್ಕೆ ಕಟ್ಟುಬಿದ್ದಿತ್ತು. ಕಪ್ಪು ಚಂದ್ರಕಾಳಿಯಾಗಲಿ, ಗಾಢ ಒಡಲಿನ ಇಳಕಲ್ ಸೀರೆಯಾಗಲಿ, ಅದರ ಮೇಲೆ ಎದ್ದು ಕಾಣುವುದು ಕೆಂಪು, ಕಿತ್ತಳೆ, ಹಸಿರು, ನೇರಳೆ, ಬಿಳಿ. ಛಾಯೆಗೆ ಛಾಯೆ ಬೆರೆಸಿ ನೆರಳು ತೋರಿಸುವ ಹಂಬಲ ಈ ಕಲೆಗೆ ಇರಲಿಲ್ಲ. ಅದರ ಬೆಡಗೆಲ್ಲ ಗೆರೆಯ ಲೆಕ್ಕದಲ್ಲಿತ್ತು, ಕೆಲವೇ ಬಣ್ಣಗಳು ಆ ಲೆಕ್ಕವನ್ನು ಸ್ಪಷ್ಟವಾಗಿ ತೋರಿಸುತ್ತಿದ್ದವು. ಸೆರಗಿನ ಹತ್ತಿರ ದೊಡ್ಡ ಚಿತ್ರಗಳು, ಒಡಲಿನತ್ತ ಸರಿದಂತೆ ಚಿಕ್ಕವು.

ಹತ್ತಿಯ ದಾರ ರೇಷ್ಮೆಯ ಜಾಗಕ್ಕೆ ಬರಲು ಕಾರಣವಾದ ಶೋಧ ನಡೆದದ್ದು ದೂರದ ಇಂಗ್ಲೆಂಡಿನಲ್ಲಿ. ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಹತ್ತಿ ಗಟ್ಟಿಯಾಗಿ ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆಂದು ಜಾನ್ ಮರ್ಸರ್ ಕಂಡುಕೊಂಡು 1850ರಲ್ಲಿ ಪೇಟೆಂಟ್ ಪಡೆದರು. ಆದರೆ ಅದ್ದುವಾಗ ಎಳೆಯನ್ನು ಕುಗ್ಗಗೊಡದೆ ಬಿಗಿಹಿಡಿದರೆ ರೇಷ್ಮೆಯಂಥ ಹೊಳಪು ಬರುತ್ತದೆಂದು ಹೊರೇಸ್ ಲೋ ತೋರಿಸಿದ್ದು 1890ರ ಹೊತ್ತಿಗೆ. ಫ್ರಾನ್ಸಿನ ಮುಲೂಸ್ ನಗರದಲ್ಲಿ 1746ರಲ್ಲಿ ಬಟ್ಟೆ ಮುದ್ರಣದಿಂದ ಶುರುವಾದ ಡಿ.ಎಂ.ಸಿ.ಯಂಥ ಕಂಪನಿಗಳು ಇಂಥ ಹೊಳಪಿನ ದಾರವನ್ನು ಲಡಿಗಳಾಗಿ ಲೋಕಕ್ಕೆಲ್ಲ ಮಾರಿದವು. ಆರು ಎಳೆಗಳ ಈ ಲಡಿಯಿಂದ ಬೇಕಾದಷ್ಟನ್ನೇ ಬಿಡಿಸಿಕೊಳ್ಳಬಹುದು: ಗವಂತಿಗೆ ಒಂದೋ ಎರಡೋ, ಒರಟು ಬಟ್ಟೆಯ ಮೆಂತೆಗೆ ಇನ್ನಷ್ಟು. ಬಣ್ಣಗಳಿಗೆ ಸಂಖ್ಯೆ ಇರುವುದರಿಂದ ನಡುವೆ ದಾರ ತೀರಿದರೆ ಅದೇ ಬಣ್ಣವನ್ನು ಮತ್ತೆ ತರಬಹುದು. ಬಟ್ಟೆಯಿಂದ ಬಿಡಿಸಿದ ಎಳೆಗೆ ಈ ಅನುಕೂಲ ಇರಲಿಲ್ಲ.

ಎಳೆ ಎಣಿಸಲಾಗದ ನುಣುಪು ಬಟ್ಟೆಗಳು ಬಂದಾಗ ಅಳತೆಯೇ ಬೇರೆಯಾಯಿತು. ಜಾರ್ಜೆಟ್, ಕ್ರೇಪ್ ಸೀರೆಗಳ ಮೇಲೆ ಚೌಕ ಚೌಕವಾಗಿ ನೇಯ್ದ ಮ್ಯಾಟಿ ಬಟ್ಟೆಯ ತುಂಡು ಕೂಡಿಸಿ, ಅದರ ಚೌಕಗಳನ್ನು ಎಣಿಸಿ ಹೊಲಿದು, ಕೊನೆಗೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಇಲ್ಲಿ ದಾರದ ದಪ್ಪ ಹೊಂದಬೇಕಾದುದು ಮ್ಯಾಟಿಯ ಚೌಕಕ್ಕೆ. ಹೀಗಾಗಿ ಇಳಕಲ್ ಸೀರೆಯ ಮೇಲಿನ ಹಳೆಯ ಕೆಲಸಕ್ಕಿಂತ ಈ ಕಸೂತಿಯ ಹೊಲಿಗೆ ದೊಡ್ಡದು, ಗೆರೆ ದಪ್ಪ.