ಮಂಜರಾಬಾದಿನ ಬಂಗಲೆಯ ಊಟದ ಮೇಜು: ಒಂದು ಚಾರಿತ್ರಿಕ ವಿವೇಚನೆ

ಸಕಲೇಶಪುರದಿಂದ ಮಂಗಳೂರಿನ ಹೆದ್ದಾರಿಯನ್ನು ಹಿಡಿದು ಪಶ್ಚಿಮಕ್ಕೆ ಸಾಗುವವರಿಗೆ, ಶಿರಾಡಿ ಘಟ್ಟದ ಇಳಿಜಾರು ಮೊದಲಾಗುವ ಮುನ್ನ ದೋಣಿಗಲ್ ಎಂಬ ಊರು ಸಿಗುತ್ತದೆ. ಹೆದ್ದಾರಿಯ ಮಗ್ಗುಲಿನ ಗುಡ್ಡದ ಮೇಲೆ ಟಿಪ್ಪು ಸುಲ್ತಾನನು ಕಟ್ಟಿಸಿದ, ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯಿದೆ. ಈ ಕೋಟೆಯ ವಿಷಯವಾಗಿ ಬರೆದವರು ಹಲವರುಂಟು. ಆದರೆ ಕೋಟೆಯ ಸುತ್ತಣ ಬೆಟ್ಟಗಳಲ್ಲಿ ಕಾಫಿ ತೋಟಗಳ ನಡುವೆ ಹೆಂಚಿನ ಮಾಡು ಹೊತ್ತು ನಿಂತಿರುವ ಬಂಗಲೆಗಳ ಕಡೆಗೆ ಚರಿತ್ರಕಾರರ ದೃಷ್ಟಿ ಅಷ್ಟಾಗಿ ಹರಿದಿಲ್ಲ. ಇಂದು ಇಂತಹ ಹಲವು ಬಂಗಲೆಗಳು ಅತಿಥಿಗೃಹಗಳಾಗಿವೆ. ನಗರದಿಂದ ಬಂದವರು ಹಳೆಯ ಮರದ ಮೇಜಿನ ಸುತ್ತ ಕುಳಿತು, ಬಿಳಿಯ ಹಾಸಿನ ಮೇಲೆ ಬಡಿಸಿದ ಊಟವನ್ನು 'ಪ್ಲಾಂಟರರ ಭೋಜನ'ವೆಂಬ ಹೆಸರಿನಲ್ಲಿ ಸವಿಯುತ್ತಾರೆ. ಈ ಮೇಜಿನ ಪೂರ್ವವೃತ್ತಾಂತವೇನು, ಅದರ ಮೇಲೆ ಯಾವ ಆಹಾರಕ್ಕೆ ಸ್ಥಾನವಿತ್ತು, ಯಾವುದಕ್ಕೆ ಇರಲಿಲ್ಲ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ವಿಷಯವು ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಆದರೆ ಯಾರು ಯಾರೊಡನೆ ಕುಳಿತು ಉಣ್ಣುತ್ತಾರೆಂಬುದು ಸಮಾಜದ ಕಟ್ಟನ್ನು ತಿಳಿಸುವಷ್ಟು ಸ್ಪಷ್ಟವಾಗಿ ಶಾಸನಗಳೂ ತಿಳಿಸಲಾರವು.

೧

ಕಾಫಿಯು ಬರುವುದಕ್ಕೆ ಮೊದಲೂ ಈ ಘಟ್ಟದ ದಾರಿಯು ಆಹಾರದ ದಾರಿಯೇ ಆಗಿತ್ತು. ಮಲೆನಾಡಿನ ಅಕ್ಕಿ, ಮೆಣಸು, ಏಲಕ್ಕಿಗಳು ಹೇರೆತ್ತುಗಳ ಬೆನ್ನ ಮೇಲೆ ಕರಾವಳಿಗೆ ಇಳಿಯುತ್ತಿದ್ದುವು. ಅಲ್ಲಿಂದ ಉಪ್ಪು, ತೆಂಗಿನಕಾಯಿ, ಒಣಮೀನು ಮೇಲಕ್ಕೇರುತ್ತಿದ್ದುವು. ಐಗೂರಿನ, ಎಂದರೆ ಬಲದ, ಪಾಳೆಯಗಾರರ ಬಲಕ್ಕೆ ಈ ದಾರಿಗಳ ಮೇಲಣ ಹಿಡಿತವೂ ಒಂದು ಆಧಾರವಾಗಿತ್ತು. ೧೮೦೨ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯವು ವೆಂಕಟಾದ್ರಿ ನಾಯಕನನ್ನು ಸೆರೆಹಿಡಿದು ಗಲ್ಲಿಗೇರಿಸಿದ ಮೇಲೆ ಆ ಮನೆತನದ ಆಳ್ವಿಕೆ ಮುಗಿಯಿತು. ಊರಿನ ಗೌಡರ ಮನೆಗಳು ಮಾತ್ರ ತಮ್ಮ ಗದ್ದೆ, ಕಾನುಗಳೊಡನೆ ಉಳಿದುಕೊಂಡವು. ಅಕ್ಕಿರೊಟ್ಟಿ, ಕಡುಬು, ಮಳೆಗಾಲದ ಕಳಲೆ, ಕೆಸುವಿನ ಸೊಪ್ಪು, ಅಣಬೆ, ಗದ್ದೆಯ ಏಡಿ, ಬೇಸಗೆಯ ಹಲಸು, ವರ್ಷವಿಡೀ ಜಾಡಿಯಲ್ಲಿರುವ ಮಿಡಿ ಉಪ್ಪಿನಕಾಯಿ: ಇವು ಆ ಮನೆಗಳ ಆಹಾರ. ಮಳೆ ಹಿಡಿದರೆ ತಿಂಗಳುಗಟ್ಟಲೆ ಹೊರಗಿನಿಂದ ಏನೂ ಬಾರದ ನಾಡಿನಲ್ಲಿ, ಕೈಗೆ ಸಿಕ್ಕಿದ್ದನ್ನು ಕೆಡದಂತೆ ಇಟ್ಟು ಉಣ್ಣುವ ವಿದ್ಯೆಯೇ ಈ ಅಡುಗೆಯ ಮೂಲ.

ಈ ನಾಡಿಗೆ ಮೊದಲು ಬಂದು ನೆಲೆಸಿದ ಐರೋಪ್ಯ ಪ್ಲಾಂಟರನು ಫ್ರೆಡರಿಕ್ ಗ್ರೀನ್. ಅವನು ಮಂಜರಾಬಾದಿನಲ್ಲಿ ತೋಟವನ್ನು ಆರಂಭಿಸಿದ್ದು ೧೮೪೩ರಲ್ಲಿ. ಅನಂತರದ ದಶಕದಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಎಚ್. ಎಲಿಯಟ್ ಬಂದನು. ಅವನು ೧೮೭೧ರಲ್ಲಿ ತನ್ನ ಮೈಸೂರು ಕಾಡಿನ ಅನುಭವಗಳನ್ನೂ, ೧೮೯೪ರಲ್ಲಿ ಚಿನ್ನ, ಬೇಟೆ, ಕಾಫಿ ಕೃಷಿಗಳನ್ನು ಕುರಿತ ಗ್ರಂಥವನ್ನೂ ಪ್ರಕಟಿಸಿದನು. ಮಂಜರಾಬಾದಿನ ಪ್ಲಾಂಟರರ ಜೀವನವನ್ನು ತಿಳಿಯಲು ಇವು ಮುಖ್ಯ ಆಧಾರಗಳು. ನೆರಳಿನ ಮರ, ಗೊಬ್ಬರ, ಕಾಫಿಗೆ ಬರುವ ರೋಗ, ಹುಲಿ ಮತ್ತು ಕಾಟಿಗಳ ಬೇಟೆ, ಇವುಗಳ ವಿಷಯವಾಗಿ ಎಲಿಯಟ್ಟನು ವಿಸ್ತಾರವಾಗಿ ಬರೆದಿದ್ದಾನೆ. ಜಾತಿಪದ್ಧತಿಯನ್ನು ಕುರಿತು ಪ್ರತ್ಯೇಕವಾಗಿ ಚರ್ಚಿಸಿ, ಮದ್ಯಪಾನಕ್ಕೆ ಅದು ತಡೆಯೆಂಬ ಕಾರಣವನ್ನೂ ಕೊಟ್ಟು ಅದನ್ನು ಸಮರ್ಥಿಸಿದ್ದಾನೆ. ಆದರೆ ಭೋಜನಕ್ಕೆ ಮೀಸಲಾದ ಅಧ್ಯಾಯವು ಅವನ ಗ್ರಂಥದಲ್ಲಿಲ್ಲ. ದಿನವೂ ನಡೆಯುವುದನ್ನು ಯಾರೂ ಬರೆದಿಡುವುದಿಲ್ಲ. ಆದುದರಿಂದ ಬಂಗಲೆಯ ಊಟದ ಚರಿತ್ರೆಯನ್ನು ಅಕ್ಕಪಕ್ಕದ ಸಾಕ್ಷ್ಯಗಳಿಂದ, ಮುಖ್ಯವಾಗಿ ಅಂದಿನ ಪಾಕಗ್ರಂಥಗಳಿಂದಲೂ ಇಂದಿಗೂ ಉಳಿದಿರುವ ಮಾತುಗಳಿಂದಲೂ ಕಟ್ಟಿಕೊಳ್ಳಬೇಕಾಗುತ್ತದೆ.

೨

ದಕ್ಷಿಣ ಭಾರತದ ಐರೋಪ್ಯ ಗೃಹಗಳ ಅಡುಗೆಗೆ ಸಂಬಂಧಿಸಿದಂತೆ ಅತ್ಯಂತ ಬೆಲೆಯುಳ್ಳ ಆಧಾರವೆಂದರೆ, 'ವೈವರ್ನ್' ಎಂಬ ಗುಪ್ತನಾಮದಲ್ಲಿ ಕೆನಿ-ಹರ್ಬರ್ಟ್ ಎಂಬ ಸೇನಾಧಿಕಾರಿಯು ೧೮೭೮ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಪಾಕಗ್ರಂಥ. ಫ್ರೆಂಚ್ ಕ್ರಮದ ಭೋಜನವನ್ನು ಈ ದೇಶದ ಒಲೆಯ ಮೇಲೆ ಸಾಧಿಸುವುದು ಹೇಗೆಂಬುದು ಅದರ ವಿಷಯ. ಆ ಕಾಲಕ್ಕೆ ಯೂರೋಪಿನಲ್ಲಿ ಎಲ್ಲ ಪದಾರ್ಥಗಳನ್ನೂ ಒಮ್ಮೆಗೇ ಮೇಜಿನ ಮೇಲಿಡುವ ಹಳೆಯ ರೂಢಿ ಹೋಗಿ, ಒಂದಾದ ಮೇಲೊಂದರಂತೆ ಬಡಿಸುವ ರಷ್ಯದ ಪದ್ಧತಿ ನೆಲೆಗೊಂಡಿತ್ತು. ಮೊದಲು ಸೂಪು, ಆಮೇಲೆ ಮೀನು, ಅನಂತರ ಹುರಿದ ಮಾಂಸ, ಸಿಹಿ, ಕೊನೆಗೆ ಹಣ್ಣು ಮತ್ತು ಕಾಫಿ. ಈ ಪದ್ಧತಿಗೆ ಬಡಿಸುವ ಕೈಗಳು ಹೆಚ್ಚು ಬೇಕು. ಅಗ್ಗದ ಕೂಲಿಗೆ ಜನ ದೊರೆಯುತ್ತಿದ್ದ ಭಾರತದಲ್ಲಿ ಅದು ಸುಲಭವಾಗಿ ಬೇರೂರಿತು.

ಈ ಗ್ರಂಥದಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದ ಸಂಗತಿಗಳು ಎರಡು. ಮೊದಲನೆಯದು, ನಮ್ಮ ಸಾರು ಪಲ್ಯಗಳ ಬಳಗಕ್ಕೆಲ್ಲ ಇಂಗ್ಲಿಷರು ಇಟ್ಟ 'ಕರಿ' ಎಂಬ ಪದಾರ್ಥದ ಸ್ಥಾನಭ್ರಂಶ. ಹಿಂದೆ ಔತಣಗಳಲ್ಲಿ ಮೆರೆದಿದ್ದ ಕರಿಯು ತನ್ನ ಕಾಲದಲ್ಲಿ ಬೆಳಗಿನ ಮತ್ತು ಮಧ್ಯಾಹ್ನದ ಊಟಗಳಿಗೂ, ಮನೆಮಂದಿಯ ಸರಳ ಭೋಜನಕ್ಕೂ ಸೀಮಿತವಾಯಿತೆಂದು ವೈವರ್ನನೇ ಹೇಳುತ್ತಾನೆ. ಎಂದರೆ, ದೇಶದ ಆಹಾರವನ್ನು ಬಂಗಲೆಯು ಉಣ್ಣುತ್ತಿರಲಿಲ್ಲವೆಂದಲ್ಲ. ಅತಿಥಿಗಳ ಮುಂದೆ ಅದನ್ನು ಉಣ್ಣುತ್ತಿರಲಿಲ್ಲ. ದಾಟಿ ಬಂದದ್ದು ಸೂಪಿನ ವೇಷ ಧರಿಸಿದ ಒಂದೆರಡು ಮಾತ್ರ. ಮುಲ್ಲಿಗಟಾನಿ ಎಂಬ ಸೂಪು ತಮಿಳರ ಮಿಳಗುತಣ್ಣಿಯೇ, ಎಂದರೆ ನಮ್ಮ ಮೆಣಸಿನ ಸಾರಿನ ಬಂಧುವೇ, ಹೊರತು ಬೇರೆಯಲ್ಲ. ಮಂಜರಾಬಾದಿನ ಮೆಣಸು ಆ ವೇಷದಲ್ಲಿ ಮಾತ್ರ ರಾತ್ರಿಯ ಮೇಜಿಗೆ ಬರಬಹುದಾಗಿತ್ತು.

ಎರಡನೆಯದು, ಅಡುಗೆಯವನ ಹೆಸರು. ಗ್ರಂಥದುದ್ದಕ್ಕೂ ವೈವರ್ನನು ಅಡುಗೆಯವನನ್ನು 'ರಾಮಸಾಮಿ' ಎಂದು ಕರೆಯುತ್ತಾನೆ. ಇದು ಒಬ್ಬ ವ್ಯಕ್ತಿಯ ಹೆಸರಲ್ಲ. ಆ ಕೆಲಸದವರಿಗೆಲ್ಲ ಹಚ್ಚಿದ ಒಂದೇ ಹೆಸರು. ಅವನ ಚಾತುರ್ಯವನ್ನು ವೈವರ್ನನು ಅಲ್ಲಲ್ಲಿ ಮೆಚ್ಚುತ್ತಾನೆ. ಅವನಿಗೆ ಒದಗಿಸಿದ ಹೊಗೆ ಕವಿದ, ಮನೆಯಿಂದ ದೂರವಾದ ಅಡುಗೆಕೋಣೆಯನ್ನು ಖಂಡಿಸುತ್ತಾನೆ. ಆದರೂ ಅವನು ರಾಮಸಾಮಿಯಾಗಿಯೇ ಉಳಿಯುತ್ತಾನೆ. ಸೂಪಿಗೂ ಗಸಿಗೂ ಅವುಗಳ ಫ್ರೆಂಚ್ ಹೆಸರನ್ನು ತಪ್ಪದೆ ಬರೆಯಬೇಕೆಂದು ಶ್ರಮಿಸಿದ ಕಾಲವು, ಅವುಗಳನ್ನು ಮಾಡಿದವನ ಹೆಸರನ್ನು ಬರೆಯಲಿಲ್ಲ.

೩

ಬರೆಹವು ಬಿಟ್ಟುದನ್ನು ಮಾತು ಉಳಿಸಿದೆ. ಕನ್ನಡದಲ್ಲಿ ಸಾಮಾನ್ಯರ ಅಡುಗೆಮನೆಗೆ ಹೇಳದ 'ಕುಸಿನಿ' ಎಂಬ ಪದವನ್ನು ಬಂಗಲೆಯ ಅಡುಗೆಮನೆಗೆ ಬಳಸುವುದುಂಟು. ಇದು ಪೋರ್ಚುಗೀಸ್ ಮೂಲದ ಪದ. ಇಂಗ್ಲಿಷರ ಮನೆಯೊಳಗಣ ಅಡುಗೆಕೋಣೆಗೆ ಪೋರ್ಚುಗೀಸ್ ಹೆಸರು ಅಂಟಿಕೊಂಡುದಕ್ಕೆ ಕಾರಣವನ್ನು ಪಶ್ಚಿಮ ಕರಾವಳಿಯ ಚರಿತ್ರೆಯಲ್ಲಿ ಹುಡುಕಬೇಕು. ದನ ಮತ್ತು ಹಂದಿಯ ಮಾಂಸಗಳೆರಡನ್ನೂ ಮುಟ್ಟಬೇಕಾದ ಈ ಕೆಲಸಕ್ಕೆ ದಕ್ಷಿಣ ಭಾರತದ ಐರೋಪ್ಯರ ಮನೆಗಳಲ್ಲಿ ಬರುತ್ತಿದ್ದವರು ಹೆಚ್ಚಾಗಿ ಕ್ರೈಸ್ತರು, ಮುಸಲ್ಮಾನರು, ಅಥವಾ ಅಂದು ಅಸ್ಪೃಶ್ಯರೆನಿಸಿಕೊಂಡಿದ್ದ ಜಾತಿಗಳವರು. ಮಂಜರಾಬಾದಿಗೆ ಹತ್ತಿರದ ಬಂದರು ಮಂಗಳೂರು. ತೋಟದ ಕಾಫಿಯು ಅಲ್ಲಿಗೆ ಇಳಿದು, ಸಂಸ್ಕರಣಗೊಂಡು ಲಂಡನ್ನಿಗೆ ಹಡಗು ಹತ್ತುತ್ತಿತ್ತು. ರೊಟ್ಟಿಯನ್ನು ಹುದುಗೆಬ್ಬಿಸಿ ಸುಡುವ, ಹಂದಿಯ ಮಾಂಸವನ್ನು ಹುಳಿಯಲ್ಲಿ ನೆನೆಸಿ ಕೆಡದಂತಿಡುವ ವಿದ್ಯೆ ಆ ಕರಾವಳಿಯ ಕ್ರೈಸ್ತರಲ್ಲಿ ಪೋರ್ಚುಗೀಸರ ಸಂಪರ್ಕದಿಂದ ಮೊದಲೇ ಬೆಳೆದಿತ್ತು. ಖಾನಸಾಮ ಎಂಬುದು ಪಾರಸಿಯಿಂದಲೂ, ಬಟ್ಲರ್ ಎಂಬುದು ಇಂಗ್ಲಿಷಿನಿಂದಲೂ ಬಂದುವು. ಹೀಗೆ ಒಂದೇ ಕುಸಿನಿಯಲ್ಲಿ ಮೂರು ಅಧಿಪತ್ಯಗಳ ಮಾತು ಕೂಡಿಕೊಂಡಿವೆ.

ಇನ್ನೂ ಒಂದು ಪದವು ಗಮನಾರ್ಹವಾದುದು. ಪ್ಲಾಂಟರನು ನಸುಕಿನಲ್ಲೆದ್ದು ಕುಡಿಯುತ್ತಿದ್ದ ಚಹಾ ಮತ್ತು ಅದರ ಜೊತೆಯ ತುಸು ತಿಂಡಿಗೆ 'ಛೋಟಾ ಹಾಜರಿ' ಎಂದು ಹೆಸರು. ಅದಾದ ಮೇಲೆ ಅವನು ಹೋಗುತ್ತಿದ್ದುದು ಕೂಲಿಯಾಳುಗಳ ಹಾಜರಿಗೆ. ಒಂದೇ ಪದವು ಬಂಗಲೆಯ ಜಗಲಿಯಲ್ಲಿ ಉಪಾಹಾರವನ್ನೂ, ಕಣದಲ್ಲಿ ಆಳುಗಳ ಎಣಿಕೆಯನ್ನೂ ಸೂಚಿಸುತ್ತಿತ್ತು. ಬಯಲುಸೀಮೆಯಿಂದ ಬಂದ ಆಳು ರಾಗಿಯನ್ನೂ, ಘಟ್ಟದ ಕೆಳಗಿನಿಂದ ಬಂದ ಆಳು ಕುಚ್ಚಲಕ್ಕಿಯ ಗಂಜಿಯನ್ನೂ ಉಂಡು ಆ ಹಾಜರಿಗೆ ನಿಲ್ಲಬೇಕಾಗಿತ್ತು. ಮೇಸ್ತ್ರಿಯಿಂದ ಪಡೆದ ಮುಂಗಡವು ತೀರುವವರೆಗೆ ಆ ಊಟವೂ ಸಾಲದ ಊಟವೇ.

ಇಷ್ಟರಿಂದ ಸಹಪಂಕ್ತಿಯ ನಿಷೇಧವು ಪರಂಗಿಯವರ ಸೃಷ್ಟಿಯೆಂದು ಭಾವಿಸಲಾಗದು. ಗೌಡರ ಮನೆಯ ಜಗಲಿಯನ್ನು ಹತ್ತಲಾಗದ ಆಳುಗಳು ಬಂಗಲೆ ಬರುವುದಕ್ಕೆ ಮುಂಚೆಯೂ ಇದ್ದರು. ಗೌಡರು ದೊರೆಯ ಬಂಗಲೆಗೆ ಹೋದರೂ, ಜಾತಿನಿಯಮದ ದೆಸೆಯಿಂದ, ಅಲ್ಲಿ ಉಣ್ಣುವಂತಿರಲಿಲ್ಲ. ಬಂಗಲೆಯ ಮೇಜು ಈ ಹಳೆಯ ಏಣಿಗೆ ಮೇಲಿನ ಒಂದು ಮೆಟ್ಟಲನ್ನು ಜೋಡಿಸಿತು, ಅಷ್ಟೆ.

ಈ ನಿಯಮದ ಬಲವನ್ನು ತಿಳಿಯಲು ಮಂಜರಾಬಾದಿನಿಂದಾಚೆಗೆ, ಸಂಸ್ಥಾನದ ರಾಜಧಾನಿಯ ಕಡೆಗೆ ಒಮ್ಮೆ ನೋಡಬಹುದು. ಮೈಸೂರಿನ ಲಲಿತಮಹಲಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ೧೯೨೧ರಲ್ಲಿ ಶಂಕುಸ್ಥಾಪನೆ ಮಾಡಿದರು, ವಾಸ್ತುಶಿಲ್ಪಿ ಇ. ಡಬ್ಲ್ಯೂ. ಫ್ರಿಚ್ಲಿ. ವೈಸರಾಯ್ ಮೊದಲಾದ ಐರೋಪ್ಯ ಅತಿಥಿಗಳು ತಮ್ಮ ಆಹಾರಪದ್ಧತಿಯಂತೆ ಇರಲು ಅನುಕೂಲವಾಗಲೆಂಬುದು ಆ ಪ್ರತ್ಯೇಕ ಸೌಧದ ಉದ್ದೇಶಗಳಲ್ಲೊಂದು. ಅಡುಗೆಯ ಭೇದವು ಅಲ್ಲಿ ಒಂದು ಅರಮನೆಯನ್ನೇ ಕಟ್ಟಿಸಿತು. ೧೯೭೪ರಲ್ಲಿ ಅದು ಹೋಟೆಲಾದಾಗ, ರಾಜನ ಅತಿಥಿಗಳ ಭೋಜನಶಾಲೆಯು ಹಣ ಕೊಟ್ಟವರೆಲ್ಲರ ಭೋಜನಶಾಲೆಯಾಯಿತು.

೪

ಮಂಜರಾಬಾದಿನಲ್ಲಿ ಇದೇ ಪರಿವರ್ತನೆ ನಿಧಾನವಾಗಿ ನಡೆಯಿತು. ಸ್ವಾತಂತ್ರ್ಯದ ಹಿಂದುಮುಂದಿನ ದಶಕಗಳಲ್ಲಿ ಐರೋಪ್ಯರು ತೋಟಗಳನ್ನು ಮಾರಿ ಹೋದರು. ದೇಶೀಯ ಮಾಲೀಕರು ಬಂಗಲೆಯೊಡನೆ ಮೇಜನ್ನೂ, ಪಿಂಗಾಣಿಯನ್ನೂ, ಎಷ್ಟೋ ವೇಳೆ ಬಟ್ಲರನನ್ನೂ ಪಡೆದರು. ಅದೇ ಕಾಲದಲ್ಲಿ ಇನ್ನೊಂದು ಊಟಕ್ಕೂ ಮೊದಲ ಬಾರಿಗೆ ಕಾಗದದ ಮೇಲೆ ಸ್ಥಾನ ದೊರೆಯಿತು. ೧೯೫೧ರ ಪ್ಲಾಂಟೇಷನ್ ಕಾರ್ಮಿಕರ ಕಾನೂನು, ನೂರೈವತ್ತು ಕೆಲಸಗಾರರಿರುವ ತೋಟದಲ್ಲಿ ಕ್ಯಾಂಟೀನನ್ನು ಕಡ್ಡಾಯ ಮಾಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿತ್ತಿತು. ತೋಟದ ಎರಡು ಮೇಜುಗಳಲ್ಲಿ ಎರಡನೆಯದನ್ನು ಶಾಸನವು ಗುರುತಿಸಿದ್ದು ಗ್ರೀನನ ತೋಟವು ಆರಂಭವಾಗಿ ನೂರೆಂಟು ವರ್ಷಗಳು ಕಳೆದ ಮೇಲೆ.

೧೯೭೯ರಲ್ಲಿ ಹಾಸನ ಮಂಗಳೂರುಗಳ ನಡುವಣ ರೈಲುಮಾರ್ಗವು ಪೂರ್ಣಗೊಂಡು, ದೋಣಿಗಲ್ಲಿಗೂ ನಿಲ್ದಾಣವಾಯಿತು. ಹೆದ್ದಾರಿಯು ಅಗಲವಾಯಿತು. ಕಾಫಿಯ ಬೆಲೆಯ ಏರಿಳಿತದಲ್ಲಿ ಬಳಲಿದ ಮಾಲೀಕರಿಗೆ ಅತಿಥಿಗಳಿಂದ ಬರುವ ಹಣವು ಆಸರೆಯಾಯಿತು. ಬಂಗಲೆಯು ಅತಿಥಿಗೃಹವಾದುದು ಹೀಗೆ.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಭಾರತ ಸರ್ಕಾರದ ಪ್ರವಾಸೋದ್ಯಮ ಸಚಿವಾಲಯವು ೧೯೫೦ಕ್ಕೆ ಹಿಂದೆ ಕಟ್ಟಿದ ಮನೆ, ಕೋಟೆ, ಅರಮನೆಗಳಲ್ಲಿ ನಡೆಯುವ ಹೋಟೆಲುಗಳಿಗಾಗಿ ಪಾರಂಪರಿಕ ಹೋಟೆಲೆಂಬ ವರ್ಗವನ್ನು ರೂಪಿಸಿತು. ಆ ವರ್ಗಕ್ಕೆ ವಿಧಿಸಿದ ನಿಯಮಗಳಲ್ಲಿ, ಆ ಪ್ರದೇಶದ ಸಾಂಪ್ರದಾಯಿಕ ಆಹಾರವನ್ನು ಒದಗಿಸಬೇಕೆಂಬುದೂ ಒಂದು. ವೈವರ್ನನ ಕಾಲದಲ್ಲಿ ಅತಿಥಿಗಳ ಮುಂದೆ ಬರಲಾಗದ ಆಹಾರವೇ ಈಗ ಮನೆಯ ಘನತೆಗೆ ಪ್ರಮಾಣವಾಗಿದೆ. ಅಕ್ಕಿರೊಟ್ಟಿ, ಕಡುಬು, ಕಳಲೆಯ ಪಲ್ಯಗಳು ಬಿಳಿಯ ಹಾಸಿನ ಮೇಲೇರಿವೆ. ಕಸ್ಟರ್ಡು ಕಟ್ಲೆಟ್ಟುಗಳು ಹಳೆಯ ಕಾಲದ ನೆನಪಾಗಿ ಅವುಗಳ ಪಕ್ಕದಲ್ಲಿ ಕುಳಿತಿವೆ.

ಆಹಾರಕ್ಕೆ ದೊರೆತ ಈ ಮರ್ಯಾದೆಯು ಸಂತೋಷದ ವಿಷಯವೇ. ಆದರೆ 'ಪ್ಲಾಂಟರರ ಭೋಜನ' ಎಂಬ ಹೆಸರು ಚಾರಿತ್ರಿಕವಾಗಿ ಸರಿಯೇ ಎಂಬ ಪ್ರಶ್ನೆ ಉಳಿಯುತ್ತದೆ. ಮೇಲೆ ವಿವೇಚಿಸಿದಂತೆ, ಕಳಲೆ ಕಡುಬುಗಳು ಊರಿನ ಮನೆಗಳವು. ಕಸ್ಟರ್ಡಿನ ಕ್ರಮ ಯೂರೋಪಿನದು. ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಅದನ್ನು ಬೇಯಿಸಿದ ಕೈ, ಕುಸಿನಿಯಲ್ಲಿ ದುಡಿದವರದು. ಪ್ಲಾಂಟರನು ಆ ಮೇಜಿನಲ್ಲಿ ಕುಳಿತಿದ್ದನೆಂಬುದಷ್ಟೇ ಆ ಹೆಸರಿಗಿರುವ ಆಧಾರ. ಉಂಡವನ ಹೆಸರು ಊಟಕ್ಕೆ ನಿಂತಿತು, ಅಟ್ಟವನ ಹೆಸರು ರಾಮಸಾಮಿ ಎಂಬಲ್ಲಿಗೆ ಮುಗಿಯಿತು.

ಆದುದರಿಂದ ನಮ್ಮ ವಿಭಾಗದ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಒಂದು ಕೆಲಸವನ್ನು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇನೆ. ಸಕಲೇಶಪುರ, ಆಲೂರು ಸೀಮೆಯ ಬಂಗಲೆಗಳಲ್ಲಿ ಅಡುಗೆ ಮಾಡಿ ನಿವೃತ್ತರಾದ ವೃದ್ಧರು ಇನ್ನೂ ಕೆಲವರು ಸಿಕ್ಕಾರು. ಅವರ ಮಕ್ಕಳು ಖಂಡಿತ ಸಿಗುತ್ತಾರೆ. ತೋಟದ ಕಚೇರಿಗಳಲ್ಲಿ ಸಂಬಳದ ಪುಸ್ತಕಗಳೂ, ಮಳಿಗೆಯ ಲೆಕ್ಕಗಳೂ ಗೆದ್ದಲು ಹಿಡಿಯುವ ಮುನ್ನ ದೊರೆತರೆ, ಅವುಗಳಲ್ಲಿ ಬಟ್ಲರನ ನಿಜವಾದ ಹೆಸರೂ, ಅವನ ಸಂಬಳವೂ, ಮಂಗಳೂರಿನಿಂದ ತರಿಸಿದ ಸಾಮಾನೂ ಕಾಣಬಹುದು. ಇವರ ಹೇಳಿಕೆಗಳನ್ನು ಬರೆದುಕೊಂಡು, ಆ ಲೆಕ್ಕಗಳೊಡನೆ ಹೋಲಿಸಿ ನೋಡಿದಲ್ಲಿ ಮಂಜರಾಬಾದಿನ ಕಾಫಿಯ ಚರಿತ್ರೆಗೆ ಇದುವರೆಗೆ ಇಲ್ಲದ ಒಂದು ಅಧ್ಯಾಯವು ಸೇರುತ್ತದೆ. ಎಲಿಯಟ್ಟನು ಬರೆಯದೆ ಬಿಟ್ಟ ಅಧ್ಯಾಯವದು. ಅದನ್ನು ಬರೆಯಬಲ್ಲವರು ಕುಸಿನಿಯ ಕಡೆಯಿಂದ ಬರಬೇಕು.