ಸತ್ಯಶೋಧನೆ: ಸೋಂಕಿತ ದಾನಿಯ ಹೃದಯ ಹಾಕಿಸಿಕೊಂಡರೆ ಸಾವು ಖಚಿತವೇ?

ಹೇಳಿಕೆ
"ಹೆಪಟೈಟಿಸ್ ಇದ್ದವರ ಹೃದಯ ಕಸಿ ಮಾಡಿಸಿಕೊಂಡವರು ಬದುಕುವುದಿಲ್ಲ." ವಿಜಯಪುರ ನಗರ, ತಿಕೋಟಾ, ಬಬಲೇಶ್ವರ, ನೀವು ಎಲ್ಲೇ ಇರಿ, ಇಂಥ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಮುಂದೆ ಕಳಿಸುವ ಮುನ್ನ ಇದನ್ನು ಓದಿ.

ಸತ್ಯಾಂಶ
ದಾನಿಯ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಸೋಂಕಿಗಾಗಿ ಮೊದಲೇ ಪರೀಕ್ಷಿಸುತ್ತಾರೆ. ಆದರೆ ಸೋಂಕು ತಗುಲಿದ ಆರಂಭದ ಕೆಲವು ದಿನ ಅದು ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು. ಇತ್ತೀಚೆಗೆ ಮಾದಕವಸ್ತು ಚುಚ್ಚಿಕೊಂಡಿದ್ದವರಂಥ ದಾನಿಗಳನ್ನು ‘ಹೆಚ್ಚು ಅಪಾಯದ ದಾನಿ’ ಎನ್ನುವುದು ಇದಕ್ಕೇ. ಅವರಿಗೆ ಸೋಂಕು ಇದ್ದೇ ಇದೆ ಎಂದಲ್ಲ. ವೈರಾಣುವನ್ನೇ ನೇರವಾಗಿ ಹುಡುಕುವ ‘ನ್ಯಾಟ್’ ಪರೀಕ್ಷೆ ಈ ಅವಧಿಯನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ.

2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದನ್ನು ನಾವು ಗಮನಿಸಿದೆವು. ಹೆಪಟೈಟಿಸ್ ಸಿ ಇದ್ದ ದಾನಿಗಳಿಂದ 8 ಮಂದಿ ಹೃದಯ, 36 ಮಂದಿ ಶ್ವಾಸಕೋಶ ಪಡೆದಿದ್ದರು. ಕಸಿಯಾದ ಕೆಲವೇ ಗಂಟೆಗಳಲ್ಲಿ ಔಷಧ ಶುರುಮಾಡಿ 4 ವಾರ ಕೊಡಲಾಯಿತು. 6 ತಿಂಗಳು ಪೂರೈಸಿದ ಮೊದಲ 35 ಮಂದಿಯೂ ಬದುಕಿದ್ದರು. ಯಾರ ರಕ್ತದಲ್ಲೂ ವೈರಾಣು ಉಳಿದಿರಲಿಲ್ಲ.

ಎಲ್ಲ ಸೋಂಕಿಗೂ ಇಂಥ ಮದ್ದಿಲ್ಲ. ಎಚ್‌ಐವಿಯನ್ನು ಔಷಧದಿಂದ ಹತೋಟಿಯಲ್ಲಿಡಬಹುದಷ್ಟೇ. ಆದರೆ ಹೃದಯ ಸಿಗದೆ ಕಾಯುವುದೂ ಜೀವಕ್ಕೆ ಅಪಾಯ. ಎರಡನ್ನೂ ತೂಗಿ ನೋಡಿ, ವೈದ್ಯರನ್ನು ಕೇಳಿ ನಿರ್ಧರಿಸಬೇಕು.

ತೀರ್ಪು
ಹೇಳಿಕೆ ತಪ್ಪು. ಅಪಾಯವಿದೆ, ಸಾವು ಖಚಿತವಲ್ಲ.